ಒಣಗಿದ ಮೇಲೂ

ಕರಾಕೋಲಿನ ಅರಣ್ಯ ಕಚೇರಿಯ ಹಿಂದಿನ ಕೋಣೆಯಲ್ಲಿ
ಕಟ್ಟು ಬಿಚ್ಚಿದೆ. ದಾರ ಕೈಯಲ್ಲೇ ಪುಡಿಯಾಯಿತು.
ಹಳೇ ರಷ್ಯನ್ ಪೇಪರಿನ ಮಡಿಕೆಯೊಳಗೆ
ಹಳದಿ ಮಾಸಿ ಚಹಾದ ಬಣ್ಣಕ್ಕಿಳಿದ ಹೂ.
ರನನ್‌ಕ್ಯುಲಸ್. ಲ್ಯಾಟಿನ್ನಿನಲ್ಲಿ ಕಪ್ಪೆಮರಿ;
ಜೌಗಿನಲ್ಲಿ ಕಾಲೂರಿ ಕೂತವರಿಗೆ ಇಟ್ಟ ಹೆಸರು.

ನನ್ನ ಕೆಲಸ ಇಷ್ಟೇ: ಹುಳ ತಿಂದದ್ದನ್ನು ಬೇರೆ ಮಾಡುವುದು,
ಹರಿದ ಚೀಟಿಗೆ ಹೊಸ ಚೀಟಿ,
ಯಾರು ಯಾರ ಮನೆಯವರೆಂದು ನೋಡಿ
ಒಟ್ಟಿಗಿಡುವುದು.

ಈ ಮನೆತನದ ಗುರುತೇ ವಿಚಿತ್ರ.
ಬೇರೆ ಕುಲಗಳಲ್ಲಿ ದಳಕ್ಕೆ ದಳ ಬೆಸೆದು
ಗಂಟೆಯಾಗುವುದುಂಟು, ಕೊಳವೆಯಾಗುವುದುಂಟು.
ಇಲ್ಲಿ ದಳ ಬಿಡಿ. ಕೇಸರ ಎಣಿಸಿ ಮುಗಿಯದು, ಅವೂ ಬಿಡಿ.
ನಡುವೆ ಹಸಿರು ಕಾಯಿಗಳ ಸಣ್ಣ ಗುಂಪು,
ಭುಜಕ್ಕೆ ಭುಜ ತಾಗಿಸಿ ಕೂತಿದ್ದರೂ
ಒಂದೂ ಬೆಸೆದಿಲ್ಲ.
ಕೂಡದಿರುವುದೇ ಕುಲಲಕ್ಷಣ.
ಓದಿ ನಗು ಬಂತು. ನಮ್ಮ ಮನೆ ನೋಡಿ ಬರೆದಂತಿತ್ತು.

ಮುಖವೂ ಒಂದೇ ಥರ ಇಲ್ಲ.
ಬೇಲಿ ಹತ್ತುವ ಕ್ಲೆಮೇಟಿಸ್,
ಬೆನ್ನಿಗೆ ಬಾಲ ಸಿಕ್ಕಿಸಿಕೊಂಡ ನೀಲಿ ಡೆಲ್ಫಿನಿಯಂ,
ಹಿಮ ಪೂರ್ತಿ ಕರಗುವ ಮೊದಲೇ
ರೋಮದ ಕೋಟು ತೊಟ್ಟು ತಲೆಬಾಗಿ ಬರುವ ಪಲ್ಸಟಿಲ್ಲ,
ಬಜಾರಿನ ಉಯ್ಗುರ್ ರೊಟ್ಟಿಯವನು
ತಂದೂರಿಗೆ ಬಡಿಯುವ ಮುನ್ನ ಉದುರಿಸುವ ಕರಿಜೀರಿಗೆ:
ಹೆಸರಿಗಷ್ಟೇ ಜೀರಿಗೆ, ರಕ್ತ ಈ ಮನೆಯದು.

ಪಿಯೊನಿಯನ್ನೂ ಹಿಂದೆ ಇದೇ ಕಪಾಟಿನಲ್ಲಿಟ್ಟಿದ್ದರು.
ಆಮೇಲೆ ಬಲ್ಲವರು ಕೂತು, ಇವಳು ನಮ್ಮವಳಲ್ಲ ಎಂದರು.
ಕಟ್ಟನ್ನು ನಾನೇ ಹೊತ್ತು ಆಚೆ ಗೋಡೆಗೆ ಸೇರಿಸಿದೆ.
ಗುಡ್ಡದ ಮೇಲಿನ ಪಿಯೊನಿಗೆ ಸುದ್ದಿ ಮುಟ್ಟಿಲ್ಲ.
ಅದೇ ಕೆಂಪು, ಅದೇ ಜೂನ್.

ನಮ್ಮಲ್ಲಿ ಮಾತು ಕಲಿತ ಮಗುವಿಗೆ
ಏಳು ತಂದೆಯರ ಹೆಸರು ಬಾಯಿಪಾಠ.
ನನಗೆ ಹೇಳಿಕೊಟ್ಟವನು ಅಜ್ಜನ ತಮ್ಮ, ತೊಲೊಮುಷ್.
ಒಂದೊಂದು ಹೆಸರಿಗೂ ಒಂದೊಂದು ಒಣ ಏಪ್ರಿಕಾಟ್.
ಆರಕ್ಕೆ ಬಂದು ತಡವರಿಸಿದರೆ
ಏಳನೆಯದನ್ನು ತಾನೇ ತಿನ್ನುತ್ತಿದ್ದ.

ಹಸಿ ಹುಲ್ಲಿನಲ್ಲಿ ಈ ಹಳದಿ ಹೂವಿದ್ದರೆ
ಕುದುರೆ ಮೂತಿ ತಿರುಗಿಸುತ್ತದೆ; ಮರಿ ಅಗಿದರೆ ತುಟಿಗೆ ಬೊಬ್ಬೆ.
ಕೊಯ್ದು ಬಿಸಿಲಿಗೆ ಹರವಿ ಬಣವೆ ಒಟ್ಟಿದರೋ,
ಜನವರಿಯಲ್ಲಿ ಅದು ಬರೀ ಮೇವು.
ಉರಿ ಎತ್ತ ಹೋಯಿತೋ.
ಸಿಟ್ಟೂ ಹಾಗೇ ಎನ್ನುತ್ತಿದ್ದಳು ಅಮ್ಮ.
ಅಜ್ಜಿ ಬುರುಲ್ಸುನ್ ಉಣ್ಣೆ ಹಿಂಜುತ್ತ, ತಲೆ ಎತ್ತದೆ:
ಎಲ್ಲ ಗಿಡವೂ ಹಾಗಲ್ಲ.

ಕಟ್ಟಿನ ತಳದಲ್ಲಿ ಅದಿತ್ತು. ವತ್ಸನಾಭಿ.
ಮುಸುಕು ಹೊದ್ದ ಹೂ, ಕಪ್ಪು ಗೆಡ್ಡೆ, ಒಂದು ಎಳೆಬೇರೂ ಮುರಿದಿಲ್ಲ.
ಒಣಗಿದ ಮೇಲೂ ಇದು ಏನನ್ನೂ ಬಿಟ್ಟುಕೊಡುವುದಿಲ್ಲ.

ಅಜ್ಜನ ಮೊಣಕಾಲಿಗೆಂದು
ತೊಲೊಮುಷ್ ಇದನ್ನೇ ವೋಡ್ಕಾದಲ್ಲಿ ನೆನೆಹಾಕಿ ಕೊಟ್ಟಿದ್ದ.
ಹಚ್ಚಲು, ಎಂದಿದ್ದನಂತೆ. ಅಜ್ಜನಿಗೆ ಕೇಳಿತೋ, ಇಲ್ಲವೋ.
ಸಮೋವಾರ್ ಕುದಿಯುವಷ್ಟರಲ್ಲಿ ಮೈ ತಣ್ಣಗೆ.
ಆಮೇಲೆ ಆ ಕುದುರೆಯನ್ನು ನಮ್ಮ ಗೂಟಕ್ಕೆ ಕಟ್ಟಲಿಲ್ಲ.
ನಾನೂ ಏಳು ಹೆಸರು ಒಬ್ಬಳೇ ಹೇಳಿಕೊಂಡೆ,
ಏಪ್ರಿಕಾಟ್ ಇಲ್ಲದೆ.

ಚೀಟಿಯಲ್ಲಿ ಅವನದೇ ಅಕ್ಷರ:
ತುರ್ಗೆನ್ ಕಣಿವೆ, ತೊರೆಯ ಎಡದಂಡೆ, ಆಗಸ್ಟ್.
ಇಸವಿ ನೋಡಿದೆ. ಅಜ್ಜ ಹೋದ ಮರುವರ್ಷ.
ಮತ್ತೆ ಹತ್ತಿದ್ದಾನೆ ಅಲ್ಲಿಗೆ,
ಮತ್ತೆ ಅಗೆದಿದ್ದಾನೆ, ಮಣ್ಣು ಉದುರಿಸಿ ಒತ್ತಿಟ್ಟಿದ್ದಾನೆ.
ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ, ಕಾಗದ ತೂತಾಗುವಂತೆ:
ಹಚ್ಚಲು ಮಾತ್ರ.
ಹಚ್ಚಲು ಮಾತ್ರ.
ಹಚ್ಚಲು.

ಹೊಸ ಚೀಟಿಯಲ್ಲಿ ಕುಲ, ಜಾತಿ, ಸ್ಥಳ, ಹೆಸರು ಬರೆದೆ.
ಹಳೆಯದನ್ನು ಎಸೆಯಬೇಕು, ನಿಯಮ. ಎಸೆಯಲಿಲ್ಲ.
ಕಪ್ಪೆಮರಿಯ ಪಕ್ಕದಲ್ಲೇ, ಅದೇ ಕಪಾಟು, ಕೆಳಗಿನ ಅರೆ.

ಕೈ ಎರಡು ಸಲ ತೊಳೆದೆ. ಇನ್ನೊಂದು ಸಲ.
ಮಧ್ಯಾಹ್ನದ ರೊಟ್ಟಿ ಮುರಿದೆ;
ಕರಿಜೀರಿಗೆಯ ಕಾಳೊಂದು ಹಲ್ಲಿಗೆ ಸಿಕ್ಕಿತು.